ರೋಮನ್ ಸರಕು ಹಡಗಿನ ಒಡಲನ್ನು ಅವರದೇ ಕ್ರಮದಲ್ಲಿ ಕಟ್ಟಿದ ಅನುಭವ

ರೋಮನ್ನರ ಸರಕು ಹಡಗಿನ ಮರದ ಮಾದರಿಯನ್ನು ಮಾಡಲು ನಾನು ಆರಿಸಿಕೊಂಡದ್ದು ಫ್ರಾನ್ಸಿನ ದಕ್ಷಿಣ ಕರಾವಳಿಯ ಮದ್ರಾಗ್ ದ ಜಿಯನ್ ಬಳಿ ಮುಳುಗಿದ ಹಡಗನ್ನು. ಕ್ರಿ.ಪೂ. ಮೊದಲ ಶತಮಾನದ ಈ ಹಡಗು ಸುಮಾರು 40 ಮೀಟರ್ ಉದ್ದವಿದ್ದು, ಇಟಲಿಯ ದ್ರಾಕ್ಷಾರಸ ತುಂಬಿದ ಆರು ಸಾವಿರಕ್ಕೂ ಹೆಚ್ಚು ಆಂಫೊರಾ ಜಾಡಿಗಳನ್ನು ಮೂರು ಪದರಗಳಲ್ಲಿ ಹೊತ್ತಿತ್ತು. ತುಂಬಿದ ಜಾಡಿಯೊಂದರ ತೂಕವೇ ಸುಮಾರು 50 ಕಿಲೋ. ಅಷ್ಟು ಭಾರವನ್ನು ತಾಳಿದ್ದು ಹೇಗೆಂದು ತಿಳಿಯಲು ಒಡಲಿನ ನಡುಭಾಗವೊಂದೇ ಸಾಕೆನಿಸಿತು.

ಮೊದಲು ಪಕ್ಕೆಲುಬುಗಳನ್ನು ನಿಲ್ಲಿಸಿ ಆಮೇಲೆ ಹಲಗೆ ಹೊಡೆಯುವ ಕ್ರಮ ಅವರದಲ್ಲ. ತಳದ ಅಡಿಮರದಿಂದ ಮೇಲಕ್ಕೆ ಹಲಗೆಯ ಅಂಚಿಗೆ ಹಲಗೆಯ ಅಂಚನ್ನು ಕೂಡಿಸುತ್ತಾ ಹೊರಮೈಯನ್ನೇ ಮೊದಲು ಎಬ್ಬಿಸಿ, ಪಕ್ಕೆಲುಬುಗಳನ್ನು ಅನಂತರ ಒಳಗೆ ಕೂರಿಸುತ್ತಿದ್ದರು. ಅದಕ್ಕಾಗಿ ನಾನು ತೇಗದ ಹಲಗೆಗಳ ಎರಡೂ ಅಂಚುಗಳಲ್ಲಿ ಉಳಿಯಿಂದ ಎದುರುಬದುರಾಗಿ ಗುಳಿ ತೋಡಿ, ಗಟ್ಟಿಮರದ ಚಪ್ಪಟೆ ಬಿಲ್ಲೆಗಳನ್ನು ಸೇರಿಸಿ, ಮೇಲಿನ ಹಲಗೆಯನ್ನು ಕೊಡತಿಯಿಂದ ಬಡಿದು ಕೂರಿಸಿ, ಬಿಲ್ಲೆ ಸರಿಯದಂತೆ ಅಡ್ಡಲಾಗಿ ಬಿದಿರಿನ ಗೂಟ ಹೊಡೆದೆ. ಗುಳಿ ಕೂದಲೆಳೆಯಷ್ಟು ಓರೆಯಾದರೂ ಹಲಗೆ ಕೂರುವುದಿಲ್ಲ. ಆದರೆ ಬಿಗಿದ ಮೇಲೆ, ಪಕ್ಕೆಲುಬು ಇನ್ನೂ ಇಲ್ಲದಿದ್ದರೂ, ಒಡಲು ಕೈಯಲ್ಲಿ ತಿರುಚಿದರೆ ಮಿಸುಕುವುದಿಲ್ಲ. ಭಾರ ಹೊರುವುದು ಹೊರಮೈ ಎಂಬುದು ಆಗ ಮನದಟ್ಟಾಯಿತು.

ಕ್ರಿ.ಪೂ. 260ರ ಸುಮಾರಿಗೆ ರೋಮ್, ತನ್ನ ಕೈಗೆ ಸಿಕ್ಕ, ಉತ್ತರ ಆಫ್ರಿಕಾದ ಎದುರಾಳಿ ನಗರ ಕಾರ್ತೇಜಿನ ಹಡಗೊಂದನ್ನು ನೋಡಿಕೊಂಡು 100 ಕ್ವಿಂಕ್ವಿರೀಮ್ ಮತ್ತು 20 ಟ್ರೈರೀಮ್ ಎಂಬ, ಹುಟ್ಟು ಹಾಕಿ ನಡೆಸುವ ಯುದ್ಧನೌಕೆಗಳನ್ನು ಕಟ್ಟಿತೆಂದು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಹೇಳುತ್ತಾನೆ. ಆ ನೌಕಾಪಡೆ ಮರ ಕಡಿದ 60 ದಿನಗಳಲ್ಲೇ ನೀರಿಗಿಳಿಯಿತೆಂದು ರೋಮನ್ ಲೇಖಕ ಪ್ಲಿನಿ ಬರೆಯುತ್ತಾನೆ. ಗುಳಿ ತೋಡಿದವರಿಗೆ ಇದು ನಂಬಲಾಗದ ಮಾತು. ಸಿಸಿಲಿಯ ಮರ್ಸಾಲಾದಲ್ಲಿ 1970ರ ದಶಕದಲ್ಲಿ ಉತ್ಖನನವಾದ ಪ್ಯೂನಿಕ್ (ಎಂದರೆ ಕಾರ್ತೇಜಿನವರ) ಹಡಗಿನ ಮರದ ಮೇಲೆ ಬಡಗಿಗಳಿಗೆಂದು ಬರೆದ ಅಕ್ಷರದ ಗುರುತುಗಳಿವೆ. ನಾನೂ ಹಲಗೆಗಳ ಮೇಲೆ ಕ, ಖ, ಗ ಎಂದು ಬರೆದೆ. ಆಗ ಗುಳಿ ತೋಡುವುದನ್ನು ಗೆಳೆಯನಿಗೆ ಬಿಟ್ಟು ಬಿಲ್ಲೆ ಕೆತ್ತುವುದನ್ನು ನಾನಿಟ್ಟುಕೊಳ್ಳಲು ಸಾಧ್ಯವಾಯಿತು. ನೂರಾರು ಕೈಗಳಿಗೆ ಕೆಲಸವನ್ನು ಹೀಗೆ ಹಂಚಿದ್ದರೆ ಪ್ಲಿನಿಯ ಲೆಕ್ಕ ಅಸಾಧ್ಯವೇನಲ್ಲವೆಂದು ಈಗ ನನಗನಿಸುತ್ತದೆ.

ಮದ್ರಾಗ್ ಹಡಗಿಗೆ ಹಲಗೆಯ ಎರಡು ಪದರಗಳೂ ಅವುಗಳ ಹೊರಗೆ ಸೀಸದ ತಗಡಿನ ಹೊದಿಕೆಯೂ ಇದ್ದುದರಿಂದ ನಾನೂ ತೆಳು ಸೀಸವನ್ನು ಹೊದಿಸಿದೆ. ಇನ್ನು ಕಟ್ಟಬೇಕಿರುವುದು ಟರ್ಕಿಯ ಕರಾವಳಿಯ ಯಾಸಿ ಅದಾ ದ್ವೀಪದ ಬಳಿ ಮುಳುಗಿದ, ಕ್ರಿ.ಶ. ಏಳನೆಯ ಶತಮಾನದ ಹಡಗಿನ ತುಂಡನ್ನು: ಅದರಲ್ಲಿ ಬಿಲ್ಲೆಗಳು ಸಣ್ಣವು, ದೂರ ದೂರ ಇವೆ, ಗೂಟಗಳಿಲ್ಲ, ನೀರಿನ ಮಟ್ಟದ ಮೇಲಿನ ಹಲಗೆಗಳನ್ನು ಪಕ್ಕೆಲುಬಿಗೇ ಮೊಳೆ ಹೊಡೆದು ಕೂಡಿಸಲಾಗಿದೆ.