ಎಐಓ ಇಲ್ಲದೆ ರಾಯಚೂರಿನ ಬೇಸಿಗೆಯಲ್ಲಿ 7700ಎಕ್ಸ್: ಪೇಸ್ಟ್, ಸ್ಕ್ರೂ, ಡಿಗ್ರಿ ಲೆಕ್ಕ

ಎಎಂಡಿಯ ಎಂಟು ಕೋರ್ ಪ್ರೊಸೆಸರ್ ರೈಜನ್ 7 7700ಎಕ್ಸ್‌ಗೆ ಏರ್ ಕೂಲರ್ ಹಾಕಿ, ಎಸಿ ಇಲ್ಲದ ರಾಯಚೂರಿನ ಕೋಣೆಯಲ್ಲಿ ಏಪ್ರಿಲ್-ಮೇ ಪೂರ್ತಿ ರೆಂಡರ್ ಓಡಿಸುತ್ತೇನೆ ಅಂದರೆ, ನೀರಿನಿಂದ ತಂಪಾಗಿಸುವ ಎಐಓ ಕೂಲರ್ ಬೇಕೇ ಬೇಕು ಅಂತ ಎಲ್ಲರದೂ ಒಂದೇ ಮಾತು: "360 ಎಂಎಂ ಎಐಓ ಹಾಕ್ರಿ, ಇಲ್ಲಂದ್ರ 95ಕ್ಕ ಹೋಗಿ ಕುಂದರ್ತದ." ಈಗ ಚಿಪ್ ಎಳೆಯುವ ವಿದ್ಯುತ್ತನ್ನು 95 ವಾಟ್‌ಗೆ ಕಟ್ಟಿದ ಮೇಲೆ, ಕೋಣೆ 36 ಡಿಗ್ರಿ ಇರುವಾಗ, ಎಲ್ಲ ಕೋರ್‌ಗಳನ್ನೂ ದುಡಿಸುವ ಸಿನೆಬೆಂಚ್ ಆರ್23 ಮಲ್ಟಿಕೋರ್ ಪರೀಕ್ಷೆ ಅರ್ಧ ಗಂಟೆ ಓಡಿದರೂ ಸಿಪಿಯು 80-81ರಲ್ಲಿ ನಿಲ್ಲುತ್ತದೆ. ಸ್ಕೋರ್ 19 ಸಾವಿರದ ಆಸುಪಾಸು. ಸ್ಟಾಕ್ ಸೆಟ್ಟಿಂಗ್‌ನಲ್ಲಿ (ಕಂಪನಿ ಕೊಟ್ಟ ಹಾಗೇ), ತಂಪು ಕೋಣೆಯಲ್ಲಿ ಬರುವುದು ಹತ್ತೊಂಬತ್ತೂವರೆ ಸಾವಿರ ಚಿಲ್ಲರೆ. ನನ್ನ ಏರ್ ಕೂಲರ್ ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇಗೆ ಮೂರೂವರೆ ಸಾವಿರದಷ್ಟು, ಪೇಸ್ಟ್ ಬದಲು ಹಾಕುವ ಪಿಟಿಎಂ7950 ಶೀಟಿಗೆ ಸುಮಾರು ಒಂಬೈನೂರು. ಒಳ್ಳೆಯ 360 ಎಐಓಗೆ ಹತ್ತು ಸಾವಿರ ಎಣಿಸಬೇಕಿತ್ತು. ಉಳಿದ ದುಡ್ಡಲ್ಲಿ ಒಂದು ಎನ್‌ವಿಎಂಇ ಎಸ್‌ಎಸ್‌ಡಿ ಬಂತು.

ಎಐಓ ಹಾಕಿಸಿಕೊಂಡವರು ಬೇಜಾರು ಮಾಡಿಕೊಳ್ಳಬೇಡಿ, ಆದರೆ ಈ ಚಿಪ್‌ನಲ್ಲಿ ಬಿಸಿ ಸಿಕ್ಕಿಹಾಕಿಕೊಳ್ಳುವ ಜಾಗ ರೇಡಿಯೇಟರ್ ಅಲ್ಲ. ಎಂಟೂ ಕೋರ್ ಇರುವ ಸಿಲಿಕಾನ್ ತುಂಡು, ಅಂದರೆ ಸಿಸಿಡಿ, ಬರೀ 70 ಚದರ ಮಿಲಿಮೀಟರ್ ಚಿಲ್ಲರೆ. ಅದರ ಮೇಲಿನ ಲೋಹದ ಮುಚ್ಚಳ (ಐಎಚ್‌ಎಸ್) ದಪ್ಪ, ಯಾಕಂದರೆ ಹಳೆಯ ಎಎಂ4 ಸಾಕೆಟ್ಟಿನ ಕೂಲರ್‌ಗಳು ಈ ಚಿಪ್‌ನ ಎಎಂ5 ಸಾಕೆಟ್ಟಿಗೂ ಕೂರಲಿ ಅಂತ ಎತ್ತರ ಸರಿಹೊಂದಿಸಿದ್ದಾರೆ. 140 ವಾಟ್ ಅಷ್ಟು ಚಿಕ್ಕ ಜಾಗದಿಂದ ಹೊರಬರುವಾಗಲೇ ಡಿಗ್ರಿ ಏರಿರುತ್ತದೆ. ಆಮೇಲೆ ಗಾಳಿಯೋ ನೀರೋ, ವ್ಯತ್ಯಾಸ ಮೂರ್ನಾಲ್ಕು ಡಿಗ್ರಿ. ಆ ಮುಚ್ಚಳವನ್ನೇ ಕಿತ್ತು ಡೀಲಿಡ್ ಮಾಡಿದವರು ದೊಡ್ಡ ಇಳಿಕೆ ತೋರಿಸಿದ್ದಾರೆ, ನಿಜ. ಆದರೆ ವಾರಂಟಿ ಕಳೆದುಕೊಂಡು ಅದನ್ನು ಮಾಡುವ ಧೈರ್ಯ ನನಗಿಲ್ಲ.

ಚಿಪ್‌ಗೂ ಕೂಲರ್‌ಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಹೋಲಿಸುವ ಮುಂಚೆ ಅಳತೆ ಸರಿಮಾಡಿಕೊಳ್ಳಿ. ಡಿಸೆಂಬರಿನ ಬೆಂಗಳೂರಲ್ಲಿ 72 ಬಂತು, ಮೇ ತಿಂಗಳ ರಾಯಚೂರಲ್ಲಿ 86 ಬಂತು ಅನ್ನುವುದಕ್ಕೆ ಅರ್ಥವಿಲ್ಲ. ನಾನು ಬರೆದಿಡುವುದು ಕೋಣೆಗಿಂತ ಎಷ್ಟು ಮೇಲೆ ಅನ್ನುವ ಅಂಕಿ ಮಾತ್ರ. ಇನ್ನೂರು ರೂಪಾಯಿಯ ಡಿಜಿಟಲ್ ಥರ್ಮಾಮೀಟರಿನ ಪ್ರೋಬ್ ಅನ್ನು ಕ್ಯಾಬಿನೆಟ್ ಮುಂದಿನ ಫ್ಯಾನಿನ ಒಂದು ಗೇಣು ದೂರಕ್ಕೆ ಕಟ್ಟಿ. ಮೊಬೈಲಿನ ಹವಾಮಾನ ಆ್ಯಪ್ ನೋಡಬೇಡಿ, ನಿಮ್ಮ ಮೇಜಿನ ಕೆಳಗಿನ ಗಾಳಿ ಅದಕ್ಕೆ ಗೊತ್ತಿಲ್ಲ. ಸೆನ್ಸರ್ ಅಂಕಿ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಪ್ರೋಗ್ರಾಮಿನಲ್ಲಿ ಮೂರು ಸಾಲು ಸಾಕು: ಟಿಸಿಟಿಎಲ್/ಟಿಡೈ (ಚಿಪ್‌ನ ಬಿಸಿ), ಸಿಪಿಯು ಪಿಪಿಟಿ (ಎಳೆಯುವ ವಾಟ್), ಎಫೆಕ್ಟಿವ್ ಕ್ಲಾಕ್ (ನಿಜವಾಗಿ ಓಡುವ ವೇಗ). ಮ್ಯಾಕ್ಸಿಮಮ್ ಕಾಲಂ ನೋಡಿ ಗಾಬರಿಯಾಗುವವರೇ ಹೆಚ್ಚು, ಒಂದು ಕ್ಷಣದ ಜಿಗಿತವೂ ಅಲ್ಲಿ ಕೂತಿರುತ್ತದೆ. ಲೋಡ್ ಹತ್ತು ನಿಮಿಷ ಓಡಿದ ಮೇಲೆ ರೀಸೆಟ್ ಒತ್ತಿ, ನಂತರದ ಸರಾಸರಿ ತೆಗೆದುಕೊಳ್ಳಿ. ಪಿಪಿಟಿ ಒಂದೇ ಇರಬೇಕು, ಫ್ಯಾನ್ ಆರ್‌ಪಿಎಂ ಲಾಕ್ ಆಗಿರಬೇಕು. ಸ್ಟಾಕ್‌ನಲ್ಲಿ ಪೇಸ್ಟ್ ಹೋಲಿಸಿದರೆ ಎಲ್ಲವೂ 95 ಡಿಗ್ರಿ ಅಂತಲೇ ತೋರಿಸುತ್ತವೆ. ಈ ಚಿಪ್ ಅಲ್ಲಿಗೆ ಮುಟ್ಟುವವರೆಗೂ ಕ್ಲಾಕ್ ಏರಿಸುವಂತೆಯೇ ಮಾಡಿರುವುದು.

95 ವಾಟ್‌ಗೆ ಕಟ್ಟಿ, ಫ್ಯಾನ್ 1200 ಆರ್‌ಪಿಎಂಗೆ ನಿಲ್ಲಿಸಿ ನೋಡಿದ ಅಂಕಿಗಳು ನೆನಪಿನಿಂದ, ಒಂದು ಡಿಗ್ರಿ ಆಚೀಚೆ ಇರಬಹುದು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಮೂವತ್ತು-ನಲವತ್ತು ರೂಪಾಯಿಗೆ ಸಿಗುವ ಬಿಳಿ ಸಿಲಿಕೋನ್ ಸಿರಿಂಜ್: ಕೋಣೆಗಿಂತ 52 ಮೇಲೆ. ಬೂದು ಬಣ್ಣದ ಎಚ್‌ವೈ510: 50. ಮೂವತ್ತು ಗ್ರಾಂ ಜಿಡಿ900, ಬೆಲೆ ಮುನ್ನೂರರ ಒಳಗೆ: 48. ಆರ್ಕ್ಟಿಕ್ ಎಂಎಕ್ಸ್-4: 46. ನಾಕ್ಚುವಾ ಎನ್‌ಟಿ-ಎಚ್2: ಅದಕ್ಕಿಂತ ಕೂದಲೆಳೆ ಕಡಿಮೆ. ಕ್ರಯೋನಾಟ್: 45. ಬಿಸಿ ಸಾಗಿಸುವ ಶಕ್ತಿಗೆ (ಉಷ್ಣವಾಹಕತೆ) ಮಾರುವವರು ಹೇಳುತ್ತ ಬಂದ ಅಂಕಿ ಎಂಎಕ್ಸ್-4ಕ್ಕೆ 8.5, ಕ್ರಯೋನಾಟ್‌ಗೆ 12.5. ಅರ್ಧದಷ್ಟು ಹೆಚ್ಚು ಅನ್ನಿ. ಕೈಗೆ ಸಿಕ್ಕಿದ್ದು ಒಂದು ಡಿಗ್ರಿ, ಅದೂ ಗ್ರಾಂ ಲೆಕ್ಕದಲ್ಲಿ ಎಷ್ಟೋ ಹೆಚ್ಚು ದುಡ್ಡಿಗೆ. ಮೇಲಾಗಿ ತೆಳು ಪೇಸ್ಟ್ ಬಿಸಿ-ತಂಪು ಸುತ್ತಿಗೆ ಅಂಚಿಗೆ ಸರಿಯುತ್ತದೆ. ಒಂದು ಬೇಸಿಗೆ ಕಳೆದ ಮೇಲೆ ಬಿಚ್ಚಿ ನೋಡಿದರೆ ನಡುವೆ ಬರೀ ಲೋಹ ಕಾಣುತ್ತಿತ್ತು, ಅಂಕಿಯೂ ನಾಲ್ಕು ಡಿಗ್ರಿ ಏರಿತ್ತು. ರಾತ್ರಿಯಿಡೀ ರೆಂಡರ್, ಹಗಲು ಖಾಲಿ ಅನ್ನುವ ಮಷೀನಿಗೆ ಅದು ಸೂಕ್ತವಲ್ಲ. ಎಂಎಕ್ಸ್-4 ಕೊಳ್ಳುವವರು ಕವರ್ ಮೇಲಿನ ಅಸಲಿ ತಪಾಸಣೆ ಕೋಡ್ ಹಾಕಿ ನೋಡಿ, ಮಾರುಕಟ್ಟೆಯಲ್ಲಿ ನಕಲಿ ಸಾಕಷ್ಟಿದೆ. ಲಿಕ್ವಿಡ್ ಮೆಟಲ್ ಕಡೆಗೆ ಹೋಗಲಿಲ್ಲ. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ, ಒಂದು ಹನಿ ಬೋರ್ಡ್ ಮೇಲೆ ಬಿದ್ದರೆ ಅಲ್ಲಿಗೆ ಮುಗಿಯಿತು.

ಪೇಸ್ಟಿನ ಪ್ರಮಾಣಕ್ಕೆ ಬಟಾಣಿ ಕಾಳಿನಷ್ಟು ಅನ್ನುವ ಲೆಕ್ಕ ಬೇಡ. ಚಿಪ್ ಪೂರ್ತಿ 40 ಇಂಟು 40 ಮಿಲಿಮೀಟರ್, ಐಎಚ್‌ಎಸ್ ಅದಕ್ಕಿಂತ ಚಿಕ್ಕದು. ಹತ್ತನೇ ಒಂದು ಮಿಲಿಮೀಟರ್ ದಪ್ಪಕ್ಕೆ ಹೆಚ್ಚೆಂದರೆ 0.16 ಎಂಎಲ್, ತೂಕದಲ್ಲಿ ಅರ್ಧ ಗ್ರಾಂ ಒಳಗೆ. ನಾಲ್ಕು ಗ್ರಾಂ ಟ್ಯೂಬಿನಲ್ಲಿ ಎಂಟು-ಹತ್ತು ಸಲ ಆಗಬೇಕು. ಐದೇ ಸಲಕ್ಕೆ ಖಾಲಿಯಾದರೆ ಉಳಿದದ್ದೆಲ್ಲ ಎಎಂ5 ಐಎಚ್‌ಎಸ್‌ನ ಕಾಲುಗಳ ಸಂದಿಯಲ್ಲಿದೆ ಅಂತ ಅರ್ಥ. ಅಲ್ಲಿ ಕೆಪಾಸಿಟರ್‌ಗಳಿವೆ. ಸಾಮಾನ್ಯ ಪೇಸ್ಟಿನಿಂದ ಕೆಡುವುದಿಲ್ಲ, ಆದರೆ ಒರೆಸುವ ಗೋಳು ಬೇರೆ. ತೆಳು ಎಕ್ಸ್ ಗೀಟು, ನಡುವಿನ ನಾಲ್ಕು ಜಾಗಕ್ಕೆ ಚಿಕ್ಕ ಚುಕ್ಕೆ, ಸಾಕು.

ಗಾಜಿನ ತುಂಡು ಒತ್ತಿ ಯಾವ ಆಕಾರ ಚೆನ್ನಾಗಿ ಹರಡುತ್ತದೆ ಅಂತ ನೋಡುವ ಪ್ರಯೋಗವನ್ನೂ ಮಾಡಿದ್ದಾಯಿತು. ಚಂದ ಕಾಣುತ್ತದೆ, ಉಪಯೋಗವಿಲ್ಲ. ಗಾಜು ಸಮತಟ್ಟು, ಕೂಲರ್‌ನ ತಳ ನಡುವೆ ಸ್ವಲ್ಪ ಉಬ್ಬು. ಬೆರಳಿನ ಒತ್ತಡಕ್ಕೂ ಸ್ಪ್ರಿಂಗ್ ಸ್ಕ್ರೂ ಒತ್ತಡಕ್ಕೂ ಸಂಬಂಧವಿಲ್ಲ. ಕೂಲರ್ ಕೂರಿಸಿ, ಬಿಚ್ಚಿ, ಗುರುತು ನೋಡುವುದೇ ಪರೀಕ್ಷೆ. ನಡುವೆ ಪೇಸ್ಟ್ ತೆಳುವಾಗಿ, ಲೋಹ ಮಬ್ಬಾಗಿ ಕಾಣಬೇಕು. ಒಂದು ಮೂಲೆಯಲ್ಲಿ ದಪ್ಪಗೆ ಉಳಿದಿದ್ದರೆ ಆ ಕಡೆ ಸ್ಕ್ರೂ ಕೂತಿಲ್ಲ.

ನಿಜವಾದ ಡಿಗ್ರಿ ಇರುವುದು ಸ್ಕ್ರೂನಲ್ಲಿ. ಅಗ್ಗದ ಪೇಸ್ಟಿಗೂ ದುಬಾರಿ ಪೇಸ್ಟಿಗೂ ಏಳು ಡಿಗ್ರಿ ವ್ಯತ್ಯಾಸ ಕಂಡಿತು. ಒಂದು ಕಡೆ ಸ್ಕ್ರೂ ಪೂರ್ತಿ ಬಿಗಿದು ಆಮೇಲೆ ಇನ್ನೊಂದಕ್ಕೆ ಹೋದ ಕೂಲರ್‌ನಲ್ಲಿ ಹತ್ತಕ್ಕಿಂತ ಹೆಚ್ಚು. ಎರಡೂ ಸ್ಕ್ರೂಗೆ ಮೊದಲು ಎಳೆ ಹಿಡಿಸಿ, ಆಮೇಲೆ ಈ ಕಡೆ ಎರಡು ಸುತ್ತು, ಆ ಕಡೆ ಎರಡು ಸುತ್ತು, ತಾನಾಗಿ ನಿಲ್ಲುವವರೆಗೆ. ನಿಂತ ಮೇಲೆ ಇನ್ನೊಂದು ಚೂರು ಅಂತ ಬಲ ಹಾಕಬೇಡಿ. ಬೋರ್ಡ್ ಮಲಗಿಸಿಯೇ ಮಾಡಿ. ಕ್ಯಾಬಿನೆಟ್ ನಿಂತಿದ್ದಾಗ ಮುಕ್ಕಾಲು ಕೇಜಿ ಕೂಲರ್ ಕೆಳಗೆ ಜಗ್ಗಿ ಮೇಲಂಚು ಎತ್ತುತ್ತದೆ. ಎಎಂ5ರಲ್ಲಿ ಸಿಸಿಡಿ ಇರುವುದು ನಡುವೆ ಅಲ್ಲ, ಬೋರ್ಡ್ ನಿಲ್ಲಿಸಿದಾಗ ಕೆಳಗಿನ ಕಡೆ. ಕೂಲರ್ ಅನ್ನು ಏಳೆಂಟು ಮಿಲಿಮೀಟರ್ ಆ ಕಡೆಗೆ ಸರಿಸಿದರೆ ಒಂದೆರಡು ಡಿಗ್ರಿ ಇಳಿಯುತ್ತದೆ. ನಾಕ್ಚುವಾ ಇದಕ್ಕೆಂದೇ ಆಫ್‌ಸೆಟ್ ಪಟ್ಟಿ ಮಾರುತ್ತದೆ. ಈ ಕೂಲರ್‌ಗೆ ನಾನು ಮಾಡಿಕೊಂಡ ಪಟ್ಟಿಯ ತೂತಿನ ಅಳತೆ ಸದ್ಯಕ್ಕೆ ನನ್ನ ಬಳಿಯೇ ಇರಲಿ.

ತಪ್ಪು ಎಲ್ಲಿದೆ ಅಂತ ಗ್ರಾಫ್ ಹೇಳುತ್ತದೆ. ಸ್ಟಾರ್ಟ್ ಒತ್ತಿದ ಕ್ಷಣದಲ್ಲೇ ಕೋಣೆಗಿಂತ 50 ಮೇಲೆ ಹಾರಿದರೆ ಕೂಲರ್ ಸರಿಯಾಗಿ ತಾಗಿಲ್ಲ. ತಳದ ಪ್ಲಾಸ್ಟಿಕ್ ಹಾಳೆ ತೆಗೆದಿದ್ದೀರಾ ನೋಡಿ, ನಗಬೇಡಿ, ರಿಪೇರಿಗೆ ಬರುವ ಮಷೀನ್‌ಗಳಲ್ಲಿ ಈಗಲೂ ಸಿಗುತ್ತದೆ. ಹತ್ತು ನಿಮಿಷದಲ್ಲಿ ನಿಧಾನಕ್ಕೆ ಏರಿದರೆ ಗಾಳಿಯ ತೊಂದರೆ. ಆಗ ಲೋಡ್ ಓಡುತ್ತಿರುವಾಗಲೇ ಪಕ್ಕದ ಬಾಗಿಲು ತೆಗೆಯಿರಿ. ಐದು ಡಿಗ್ರಿಗಿಂತ ಹೆಚ್ಚು ಇಳಿದರೆ ಕೂಲರ್‌ಗೆ ಬಯ್ಯಬೇಡಿ, ದುಡ್ಡನ್ನು ಕ್ಯಾಬಿನೆಟ್ ಫ್ಯಾನಿಗೆ ಹಾಕಿ. ರಾಯಚೂರಿನ ಧೂಳಿಗೆ ಮುಂದಿನ ಜಾಲರಿ ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ, ತೊಳೆದರೆ ಮೂರು ಡಿಗ್ರಿ ಪುಕ್ಕಟೆ.

ಕೊನೆಗೆ ಉಳಿಸಿಕೊಂಡದ್ದು ಪಿಟಿಎಂ7950. ಇದು ಪೇಸ್ಟ್ ಅಲ್ಲ, ಕಾಲು ಮಿಲಿಮೀಟರ್ ದಪ್ಪದ ಹಾಳೆ, ಸುಮಾರು 45 ಡಿಗ್ರಿಗೆ ಮೇಣದ ಹಾಗೆ ಮೆತ್ತಗಾಗಿ ಹರಡುತ್ತದೆ. ಫ್ರಿಜ್‌ನಲ್ಲಿ ಹದಿನೈದು ನಿಮಿಷ ಇಟ್ಟು ಹೊರತೆಗೆದ ಕೂಡಲೇ ಮೇಲಿನ ಪ್ಲಾಸ್ಟಿಕ್ ಫಿಲ್ಮ್ ಎಳೆಯಬೇಕು, ಇಲ್ಲವಾದರೆ ಹಾಳೆ ಹರಿದು ಅರ್ಧ ಫಿಲ್ಮಿಗೇ ಅಂಟುತ್ತದೆ. ಬೇಸಿಗೆಯಲ್ಲಿ ಕೊರಿಯರ್ ಗಾಡಿಯಲ್ಲೇ ಮೆತ್ತಗಾಗಿ ಬಂದ ಶೀಟ್ ಹಾಗೇ ಹಾಳಾಗಿ ನಾನೂರು ರೂಪಾಯಿಯ ತುಂಡು ಕಸಕ್ಕೆ ಹೋಯಿತು. ನವೆಂಬರ್-ಡಿಸೆಂಬರಿನಲ್ಲೇ ತರಿಸಿಡಿ. ತಳ ಒರೆಸಲು ಮೆಡಿಕಲ್ ಶಾಪಿನ 70 ಪರ್ಸೆಂಟ್ ಆಲ್ಕೋಹಾಲ್ ಬೇಡ, ನೀರಿನಂಶ ಉಳಿಯುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯ 99 ಪರ್ಸೆಂಟ್ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ತನ್ನಿ. ಬಟ್ಟೆ ಕನ್ನಡಕದ್ದಾಗಿರಲಿ, ಹಳೆ ಬನಿಯನ್ ನೂಲು ಬಿಡುತ್ತದೆ. ನಕಲಿ ಹಾಳೆ ಗುರುತಿಸಲು ಒಂದು ಚೂರನ್ನು ಬಿಸಿನೀರಿನ ಸ್ಟೀಲ್ ಲೋಟದ ಹೊರಮೈಗೆ ಹಚ್ಚಿ ಒತ್ತಿ: ಅಸಲಿ ಕರಗಿ ಹರಡುತ್ತದೆ, ಸಿಲಿಕೋನ್ ಪ್ಯಾಡ್ ರಬ್ಬರಿನಂತೆಯೇ ಇರುತ್ತದೆ. ನನ್ನ ಹಾಳೆ ಮೊದಲ ಓಟದಲ್ಲಿ ಕೋಣೆಗಿಂತ 48 ಮೇಲೆ ತೋರಿಸಿ ನಿರಾಸೆ ಮಾಡಿತು. ಮೂರ್ನಾಲ್ಕು ಸಲ ಚೆನ್ನಾಗಿ ಕಾಯಿಸಿ ತಣಿಸಿದ ಮೇಲೆ 45ಕ್ಕೆ ಇಳಿದು, ಆಫ್‌ಸೆಟ್ ಸೇರಿದಾಗ 44 ಆಯಿತು. ಬೇಸಿಗೆ ಕಳೆದರೂ ಅಲ್ಲೇ ಇದೆ. ಇದನ್ನೇ ಒಂದು ಗೇಮಿಂಗ್ ಲ್ಯಾಪ್‌ಟಾಪಿನ ಬೆತ್ತಲೆ ಡೈ (ಮುಚ್ಚಳವಿಲ್ಲದ ಚಿಪ್) ಮೇಲೆ ಹಾಕಿದಾಗ ಲಾಭ ಇನ್ನೂ ದೊಡ್ಡದು, ಅದು ಬೇರೆಯೇ ಬರೆಯಬೇಕಾದ ಕತೆ.

95 ವಾಟ್‌ಗೆ ಕಟ್ಟಲು ಬಯಾಸ್‌ನಲ್ಲಿ ಪಿಬಿಓ (ಎಎಂಡಿಯ ವಿದ್ಯುತ್ ಮತ್ತು ವೇಗದ ಸೆಟ್ಟಿಂಗ್) ಲಿಮಿಟ್ಸ್ ಅನ್ನು ಮ್ಯಾನುಯಲ್ ಮಾಡಿ ಪಿಪಿಟಿಯನ್ನು 142ರಿಂದ 95ಕ್ಕೆ ತನ್ನಿ. ಕೆಲವು ಬೋರ್ಡ್‌ಗಳು ಮಿಲಿವಾಟ್ ಕೇಳುತ್ತವೆ, ಅಲ್ಲಿ 95000. ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಜರ್ ಅನ್ನು ಎಲ್ಲ ಕೋರ್‌ಗೂ ಮೈನಸ್ 15ರಿಂದ ಶುರುಮಾಡಿ. ಸಿನೆಬೆಂಚ್ ಪಾಸಾಯಿತು ಅಂತ ಬಿಡಬೇಡಿ, ಈ ಸೆಟ್ಟಿಂಗ್ ಸೋಲುವುದು ಭಾರ ಕಡಿಮೆ ಇದ್ದಾಗ. ಬ್ರೌಸರ್ ತೆರೆದಿದ್ದಾಗ ಸುಮ್ಮನೆ ರೀಸ್ಟಾರ್ಟ್ ಆಗುತ್ತದೆ. ಒಂದೊಂದೇ ಕೋರ್ ಪರೀಕ್ಷಿಸುವ ಕೋರ್‌ಸೈಕ್ಲರ್ ಒಂದು ರಾತ್ರಿ ಓಡಿಸಿ, ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ವ್ಹೀಯಾ (ಹಾರ್ಡ್‌ವೇರ್) ಎರರ್ ಹುಡುಕಿ. ಯಾವ ಕೋರ್‌ಗೆ ಎಷ್ಟು ಅಂತ ನನ್ನ ಪಟ್ಟಿ ಕೇಳಬೇಡಿ, ಪ್ರತಿ ಚಿಪ್‌ಗೂ ಬೇರೆ.

ಖಾಲಿ ಕೂತಾಗ 50-52 ತೋರಿಸುತ್ತದೆ ಅಂತ ಮತ್ತೆ ಕೂಲರ್ ಬಿಚ್ಚಬೇಡಿ. ಈ ತಲೆಮಾರಿನ ರೈಜನ್ ಹಾಗೇ. ಒಂದು ಫೋಲ್ಡರ್ ತೆರೆದರೆ ಹತ್ತು ಡಿಗ್ರಿ ಜಿಗಿದು ಇಳಿಯುತ್ತದೆ, ಜೊತೆಗೆ ಫ್ಯಾನೂ ಊಳಿಡುತ್ತದೆ. ಫ್ಯಾನ್ ಕರ್ವ್ ಅನ್ನು 65 ಡಿಗ್ರಿವರೆಗೆ ಚಪ್ಪಟೆ ಬಿಟ್ಟು, ಸ್ಟೆಪ್-ಅಪ್ ಸಮಯವನ್ನು (ವೇಗ ಏರಿಸುವ ಮುಂಚೆ ಫ್ಯಾನ್ ಕಾಯುವ ಹೊತ್ತು) ಬೋರ್ಡ್ ಬಿಡುವಷ್ಟು ಹೆಚ್ಚಿಸಿ. ನನ್ನದರಲ್ಲಿ ನಾಲ್ಕು ಸೆಕೆಂಡು ಹಾಕಿದ ಮೇಲೆ ಸದ್ದು ನಿಂತಿತು, ಲೋಡ್‌ನ ಅಂಕಿಯಲ್ಲಿ ಏನೂ ಬದಲಾಗಲಿಲ್ಲ.