ಇಎಸ್‌ಜಿ ರಿಸರ್ಚ್ ಓದಿ ದುಡ್ಡು ಹಾಕೋದು ಹೇಗೆ

ಇಎಸ್‌ಜಿ (ಅಂದ್ರೆ ಪರಿಸರ, ಸಮಾಜ, ಕಂಪನಿ ಆಡಳಿತ ಈ ಮೂರನ್ನ ನೋಡಿ ಶೇರು ಆರಿಸೋ) ಫಂಡ್ ಜಾಸ್ತಿ ರಿಟರ್ನ್ ಕೊಡತ್ತೆ, ರಿಸರ್ಚೇ ಹೇಳಿದೆ ಅಂತ ಯಾರಾದ್ರೂ ಅಂದ್ರೆ ಮೊದಲು ಯಾವ ರಿಸರ್ಚು ಅಂತ ಕೇಳಿ. ಸಾಮಾನ್ಯವಾಗಿ ಎಲ್ಲರೂ ತೋರಿಸೋದು 2015ರಲ್ಲಿ ಫ್ರೀಡೆ, ಬುಶ್, ಬ್ಯಾಸೆನ್ ಮೂರು ಜನ ಬರೆದ ಪೇಪರು, ಸುಮಾರು 2,200 ಸ್ಟಡಿ ಒಟ್ಟು ಹಾಕಿ ನೋಡಿದ್ರು, ಸುಮಾರು 90% ಸ್ಟಡಿಗಳಲ್ಲಿ ಇಎಸ್‌ಜಿಗೂ ಕಂಪನಿಯ ಹಣಕಾಸಿನ ಸಾಧನೆಗೂ ಇರೋ ಸಂಬಂಧ ನೆಗೆಟಿವ್ ಅಲ್ಲ ಅಂತ ಬಂತು. ಆದ್ರೆ ಏನೂ ಸಂಬಂಧ ಇಲ್ಲ ಅಂತ ಬಂದಿದ್ದೂ ಆ 90%ರಲ್ಲೇ ಸೇರಿದೆ, ಮತ್ತೆ ಫಂಡು ಪೋರ್ಟ್‌ಫೋಲಿಯೋ ಸ್ಟಡಿಗಳನ್ನ ಮಾತ್ರ ಬೇರೆ ಮಾಡಿ ನೋಡಿದ್ರೆ ಚಿತ್ರ ಇಷ್ಟು ಚೆನ್ನಾಗಿಲ್ಲ, ಮಿಕ್ಸ್ಡ್ ಆಗಿದೆ. ಅಬ್‌ಸ್ಟ್ರಾಕ್ಟ್ (ಪೇಪರ್ ಶುರುವಲ್ಲಿರೋ ಸಾರಾಂಶ) ಓದಿ ನಿಲ್ಲಿಸಿದ್ರೆ ಇದು ಗೊತ್ತೇ ಆಗಲ್ಲ, ಟೇಬಲ್‌ವರೆಗೂ ಹೋಗ್ಲೇಬೇಕು.

ಆಮೇಲೆ ಯಾವ ಪೇಪರ್ ಓದಿದ್ರೂ ಅದು ಹೇಳ್ತಿರೋದು ಆಗಿಹೋದ ರಿಟರ್ನ್ ಬಗ್ಗೆನಾ, ಮುಂದೆ ನಿರೀಕ್ಷೆ ಮಾಡಬಹುದಾದ ರಿಟರ್ನ್ ಬಗ್ಗೆನಾ ನೋಡಿ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ. ಪಾಸ್ಟರ್, ಸ್ಟಾಂಬಾ, ಟೇಲರ್ 2022ರಲ್ಲಿ ಅಮೆರಿಕದ ಗ್ರೀನ್ (ಪರಿಸರಕ್ಕೆ ಕಮ್ಮಿ ಹಾನಿ ಮಾಡೋ ಕಂಪನಿಗಳ) ಸ್ಟಾಕ್‌ಗಳನ್ನ ಬಿಚ್ಚಿ ನೋಡಿದ್ರು, ಅವು ಚೆನ್ನಾಗಿ ಓಡಿದ್ದಕ್ಕೆ ದೊಡ್ಡ ಕಾರಣ ಹವಾಮಾನದ ಬಗ್ಗೆ ಜನರ ಆತಂಕ ಅನಿರೀಕ್ಷಿತವಾಗಿ ಏರಿದ್ದು. ಆ ಏರಿಕೆ ಮತ್ತೆ ಮತ್ತೆ ಬರತ್ತೆ ಅಂತ ಲೆಕ್ಕ ಹಾಕಕ್ಕಾಗಲ್ಲ, ಹಾಗಾಗಿ ಹತ್ತು ವರ್ಷದ ಚಾರ್ಟ್ ನೋಡಿ ಮುಂದಿನ ಹತ್ತು ವರ್ಷಕ್ಕೂ ಅದೇ ಗೆರೆ ಎಳೀಬೇಡಿ. ಇದರ ಇನ್ನೊಂದು ಮುಖನೂ ಇದೆ, ತಂಬಾಕು, ಮದ್ಯ, ಜೂಜು ಕಂಪನಿಗಳನ್ನ ದೊಡ್ಡ ಸಂಸ್ಥೆಗಳು ದೂರ ಇಟ್ಟಿದ್ರಿಂದ ಆ ಶೇರುಗಳು ಅಗ್ಗವಾಗಿದ್ದು ಜಾಸ್ತಿ ರಿಟರ್ನ್ ಕೊಟ್ಟಿವೆ ಅಂತ ಹಾಂಗ್ ಮತ್ತೆ ಕ್ಯಾಸ್ಪರ್ಚಿಕ್ 2009ರಲ್ಲೇ ತೋರಿಸಿದ್ರು. ನಿಮ್ಮ ಮನಸ್ಸಿಗೆ ಒಪ್ಪದ ಕಂಪನಿ ಬಿಡಿ, ಖಂಡಿತ ಬಿಡಿ, ಆದ್ರೆ ಸ್ವಲ್ಪ ರಿಟರ್ನ್ ಬಿಟ್ಟುಕೊಡಬೇಕಾಗಬಹುದು ಅಂತ ತಿಳ್ಕೊಂಡೇ ಬಿಡಿ.

ಇನ್ನು ರೇಟಿಂಗ್, ಅಂದ್ರೆ ಇಎಸ್‌ಜಿಯಲ್ಲಿ ಕಂಪನಿ ಹೇಗಿದೆ ಅಂತ ಏಜೆನ್ಸಿಗಳು ಕೊಡೋ ಸ್ಕೋರ್. ಬರ್ಗ್, ಕೋಲ್ಬೆಲ್, ರಿಗೊಬಾನ್ ಆರು ಏಜೆನ್ಸಿಗಳ ರೇಟಿಂಗ್ ಹೋಲಿಸಿದಾಗ ಸರಾಸರಿ ಕೋರಿಲೇಶನ್ (ಎರಡು ರೇಟಿಂಗ್ ಎಷ್ಟು ಹೊಂದತ್ತೆ ಅನ್ನೋ ಅಳತೆ, ಪೂರ್ತಿ ಹೊಂದಿದ್ರೆ 1) ಬರೀ 0.54, ಸಾಲ ತೀರಿಸೋ ಶಕ್ತಿ ಅಳೆಯೋ ಕ್ರೆಡಿಟ್ ರೇಟಿಂಗ್‌ನಲ್ಲಾದ್ರೆ ಅದು 0.9ಕ್ಕಿಂತ ಮೇಲೆ. ಅರ್ಧಕ್ಕಿಂತ ಜಾಸ್ತಿ ವ್ಯತ್ಯಾಸ ಬರೋದು ಅಳತೆ ಮಾಡೋ ರೀತಿಯಿಂದ, ಅಂದ್ರೆ ಕಾರ್ಮಿಕರನ್ನ ಹೇಗೆ ನೋಡ್ಕೋತಾರೆ ಅನ್ನೋದನ್ನ ಒಬ್ರು ಎಷ್ಟು ಜನ ಕೆಲಸ ಬಿಟ್ರು ಅಂತ ಅಳೀಬಹುದು, ಇನ್ನೊಬ್ರು ಕಂಪನಿ ಮೇಲೆ ಎಷ್ಟು ಲೇಬರ್ ಕೇಸ್ ಇದೆ ಅಂತ ಅಳೀಬಹುದು. ಅದಕ್ಕೇ ಒಟ್ಟು ಸ್ಕೋರ್ ಪಕ್ಕಕ್ಕಿಡಿ, ನೀವು ನೋಡ್ತಿರೋ ಕಂಪನಿಗೆ ಎರಡು ಏಜೆನ್ಸಿಯ ರಿಪೋರ್ಟ್ ಅಕ್ಕಪಕ್ಕ ತೆಗೆದು ಎಲ್ಲಿ ಜಗಳ ಇದೆ ಹುಡುಕಿ, ಆ ಒಂದು ವಿಷಯಕ್ಕೆ ಮಾತ್ರ ಕಂಪನಿ ಕೊಟ್ಟಿರೋ ಮೂಲ ಅಂಕಿಅಂಶ ಓದಿ. ಎಲ್ಲಾ ವಿಷಯಾನೂ ಓದ್ತಾ ಕೂರೋ ಅಗತ್ಯ ಇಲ್ಲ. ಖಾನ್, ಸೆರಾಫೀಮ್, ಯೂನ್ 2016ರಲ್ಲಿ ತೋರಿಸಿದ ಹಾಗೆ ಆ ಇಂಡಸ್ಟ್ರಿಗೆ ನಿಜವಾಗ್ಲೂ ತಟ್ಟೋ ವಿಷಯಗಳಲ್ಲಿ ಮುಂದಿರೋ ಕಂಪನಿಗಳೇ ಮುಂದೆ ಚೆನ್ನಾಗಿ ಮಾಡಿವೆ. ಸಿಮೆಂಟ್ ಕಂಪನಿಗೆ ಕಾರ್ಬನ್, ಬ್ಯಾಂಕಿಗೆ ಯಾರಿಗೆ ಹೇಗೆ ಸಾಲ ಕೊಡತ್ತೆ ಅನ್ನೋದು.

ಫಂಡ್ ಮೂಲಕ ಹಾಕೋದಾದ್ರೆ ಹೆಸರಲ್ಲಿ ಗ್ರೀನ್ ಇದ್ದ ಮಾತ್ರಕ್ಕೆ ನಂಬಬೇಡಿ, ಅದರ ಮೊದಲ ಹತ್ತು ಹೋಲ್ಡಿಂಗ್ (ಫಂಡ್ ಅತಿ ಹೆಚ್ಚು ದುಡ್ಡು ಹಾಕಿರೋ ಶೇರುಗಳು) ಮಾಮೂಲಿ ಇಂಡೆಕ್ಸ್ ಫಂಡ್ ಜೊತೆ ಹೋಲಿಸಿ. ಹೆಚ್ಚುಕಮ್ಮಿ ಅವೇ ಇದ್ದು ಫೀ ಮಾತ್ರ ಜಾಸ್ತಿ ಇದ್ರೆ ಅದನ್ನ ಬಿಡಿ. ಬೇರೆ ಇದ್ರೆ ವೋಟಿಂಗ್ ರೆಕಾರ್ಡ್ ತೆಗೀರಿ, ಕಂಪನಿಯ ಶೇರುದಾರರ ಮುಂದೆ ಹವಾಮಾನದ ರೆಸೊಲ್ಯೂಶನ್ (ನಿರ್ಣಯ) ವೋಟಿಗೆ ಬಂದಾಗ ಫಂಡ್ ಮ್ಯಾನೇಜರ್ ಯಾವ ಕಡೆ ಕೈ ಎತ್ತಿದ್ರು ಅಂತ ಅದರಲ್ಲಿ ಇರತ್ತೆ.