ಆಸ್ಪತ್ರೆ ಬಿಡುವ ಮುನ್ನ ಡಿಸ್ಚಾರ್ಜ್ ಸಮ್ಮರಿ ಓದುವುದು ಹೇಗೆ?

ಡಿಸ್ಚಾರ್ಜ್ ಅಂದ ಕೂಡಲೇ ಮನೆಯವರ ಕಣ್ಣೆಲ್ಲ ಬಿಲ್ಲಿನ ಮೇಲೆ. ಕಾಯಿಲೆ, ಚಿಕಿತ್ಸೆಯ ಸಾರಾಂಶವಾದ ಸಮ್ಮರಿಯನ್ನು ಮಡಚಿ ಎಕ್ಸ್‌ರೇ ಕವರಿಗೆ ಸೇರಿಸಿಬಿಡುತ್ತೇವೆ. ಆದರೆ ನಾಳೆ ವಿಮೆ ಕಂಪನಿಯವರಾಗಲಿ, ಬೇರೆ ಡಾಕ್ಟರಾಗಲಿ ಮೊದಲು ಕೇಳುವುದು ಅದನ್ನೇ. ಓದಲು ಹತ್ತು ನಿಮಿಷ ಸಾಕು.

ಮೊದಲು ‘ಡಯಾಗ್ನೋಸಿಸ್’, ಅಂದರೆ ಕಾಯಿಲೆ ಏನೆಂದು ಬರೆದಿರುವ ಸಾಲು ಹುಡುಕಿ. ದೊಡ್ಡ ಆಸ್ಪತ್ರೆಗಳಲ್ಲಿ ಎಂಆರ್‌ಡಿ ಎಂಬ ದಾಖಲೆ ವಿಭಾಗ ಇರುತ್ತದೆ. ಅಲ್ಲಿನವರು ಕೇಸ್‌ಶೀಟ್ (ಆಸ್ಪತ್ರೆಯಲ್ಲಿ ಬರೆದಿಟ್ಟ ಚಿಕಿತ್ಸೆಯ ದಾಖಲೆ) ನೋಡಿ ಕಾಯಿಲೆಗೆ ಐಸಿಡಿ-10 ಕೋಡ್ ಹಾಕುತ್ತಾರೆ. ಇದು ಕಾಯಿಲೆಗಳಿಗೆ ಕೋಡ್ ಕೊಡುವ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ. ಡಾಕ್ಟರ್ ಬರೆದದ್ದಕ್ಕೆ ಮಾತ್ರ ಕೋಡ್ ಬೀಳುತ್ತದೆ. ಬರೆಯದ್ದನ್ನು ಊಹಿಸಿ ಸೇರಿಸುವಂತಿಲ್ಲ.

ಮಂಡ್ಯದ ಕಡೆಯ ಒಂದು ಉದಾಹರಣೆ ನೋಡೋಣ. ಕಬ್ಬಿನ ಕೂಳೆ ಚುಚ್ಚಿ ರೈತರೊಬ್ಬರ ಪಾದಕ್ಕೆ ಗಾಯ ಆಗುತ್ತದೆ. ಶುಗರ್ ಇರುವುದರಿಂದ ಅದು ಮಾಯದೆ ಹುಣ್ಣಾಗುತ್ತದೆ. ಸಮ್ಮರಿಯಲ್ಲಿ ‘ಪಾದದ ಗಾಯ, ಟೈಪ್ 2 ಡಯಾಬಿಟಿಸ್’ ಎಂದಷ್ಟೇ ಇದ್ದರೆ ಶುಗರಿಗೆ ಇ11.9 ಬೀಳುತ್ತದೆ. ಅಂದರೆ ಬೇರೆ ತೊಂದರೆಯಿಲ್ಲದ ಶುಗರ್. ಡಾಕ್ಟರ್ ‘ಡಯಾಬಿಟಿಕ್ ಫುಟ್ ಅಲ್ಸರ್’ (ಶುಗರಿನಿಂದಾದ ಪಾದದ ಹುಣ್ಣು) ಎಂದು ಬರೆದರೆ ಇ11.5 ಆಗುತ್ತದೆ. ಕಾಲು ಅದೇ, ಡ್ರೆಸ್ಸಿಂಗ್ ಅದೇ. ಆದರೆ ಒಂದು ಹಾಳೆಯಲ್ಲಿ ಮಾಮೂಲಿ ಶುಗರ್, ಇನ್ನೊಂದರಲ್ಲಿ ಕಾಲಿಗಿಳಿದ ಶುಗರ್. ಇಷ್ಟು ದಿನ ಯಾಕೆ ಅಡ್ಮಿಟ್ ಆಗಿದ್ದರು ಎಂದು ವಿಮೆಯವರು ಕೇಳಿದರೆ ಉತ್ತರ ಈ ಸಾಲಿನಲ್ಲೇ ಇರಬೇಕು.

ಹಾಗಂತ ‘ಹೀಗೆ ಬರೆದುಬಿಡಿ ಸಾರ್, ಕ್ಲೇಮ್ ಆಗುತ್ತೆ’ ಎಂದು ಹೇಳಬೇಡಿ. ಅದು ತಪ್ಪು ಮಾತ್ರ ಅಲ್ಲ, ಮೋಸ. ‘ಈ ಹುಣ್ಣು ಶುಗರಿನಿಂದಲೇ ಆದದ್ದಾ ಸಾರ್? ಹೌದಾದರೆ ಇದರಲ್ಲಿ ಕಾಣ್ತಿಲ್ಲ’ ಎಂದು ಕೇಳಿ. ತೀರ್ಮಾನ ಡಾಕ್ಟರದ್ದು. ಎಂಆರ್‌ಡಿಯವರೂ ಡಾಕ್ಟರನ್ನು ಕೇಳಬೇಕಾದದ್ದು ಹೀಗೆಯೇ, ಉತ್ತರವನ್ನು ಬಾಯಿಗೆ ತುರುಕದೆ.

ಕಾಯಿಲೆಯ ಹೆಸರಿನ ಪಕ್ಕ ಪ್ರಶ್ನೆ ಚಿಹ್ನೆ ಇದೆಯಾ? ‘ಡೆಂಗಿ?’ ಎಂದಿದ್ದರೆ ಅದು ಅನುಮಾನ ಅಷ್ಟೇ. ರಕ್ತದ ರಿಪೋರ್ಟ್ ಬಂದಿದ್ದರೆ ಅದನ್ನು ತೋರಿಸಿ, ಕೊನೆಗೆ ಏನೆಂದು ಗೊತ್ತಾಯಿತು ಎಂದು ಕೇಳಿ.

ಆಮೇಲೆ ‘ಹಿಸ್ಟರಿ’, ಅಂದರೆ ಹಳೇ ಕಾಯಿಲೆಗಳ ವಿವರ ಓದಿ. ನನ್ನ ಪ್ರಕಾರ ಜಾಸ್ತಿ ತಕರಾರು ಹುಟ್ಟುವುದು ಇಲ್ಲೇ. ಅಡ್ಮಿಟ್ ಆಗುವಾಗ ನರ್ಸ್ ‘ಶುಗರ್ ಎಷ್ಟು ವರ್ಷದಿಂದ?’ ಎನ್ನುತ್ತಾರೆ. ಜೊತೆಗೆ ಬಂದ ಭಾವಮೈದ ‘ಒಂದ್ ಹತ್ತು ವರ್ಷ ಇರಬಹುದು’ ಎಂದುಬಿಡುತ್ತಾನೆ. ಬಾಯಿಮಾತು ಹಾಳೆಗಿಳಿಯುತ್ತದೆ. ಪಾಲಿಸಿ ತಗೊಂಡು ಎರಡೇ ವರ್ಷ ಆಗಿದ್ದರೆ ‘ಮೊದಲೇ ಇದ್ದ ಕಾಯಿಲೆ’ ಎಂಬ ಪ್ರಶ್ನೆ ಏಳುತ್ತದೆ. 2024ರ ವಿಮಾ ನಿಯಮದಂತೆ ಇಂಥ ಕಾಯಿಲೆಗೆ ಕ್ಲೇಮ್ ಕೊಡದೆ ಕಾಯಿಸುವ ಅವಧಿ 36 ತಿಂಗಳು ಮೀರುವಂತಿಲ್ಲ. ಆದರೆ ಅಷ್ಟರೊಳಗೆ ಮಾಡಿದ ಕ್ಲೇಮ್ ತಿರಸ್ಕಾರ ಆಗಬಹುದು. ಹಳೇ ಚೀಟಿ ನೋಡಿ ನಿಜವಾದ ವರ್ಷ ಹೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ.

ಹೆಸರು, ವಯಸ್ಸು, ತಾರೀಖು, ತೊಂದರೆ ಎಡಗಡೆಯದೋ ಬಲಗಡೆಯದೋ ಎಂಬುದನ್ನು ಒಮ್ಮೆ ನೋಡಿದರಾಯಿತು.

ತಪ್ಪು ಸಿಕ್ಕರೆ ನೀವೇ ಪೆನ್ನು ಹಿಡಿಯಬೇಡಿ. ಡಾಕ್ಟರೇ ತಿದ್ದಿ, ಸಹಿ, ತಾರೀಖು ಹಾಕಬೇಕು. ಮನೆಗೆ ಬಂದ ಮೇಲೆ ಗೊತ್ತಾದರೆ ಎಂಆರ್‌ಡಿಗೆ ಅರ್ಜಿ ಕೊಟ್ಟು ಕೇಸ್‌ಶೀಟಿನ ನಕಲು ಕೇಳಿ. 2002ರ ವೈದ್ಯಕೀಯ ಮಂಡಳಿ ನಿಯಮದಂತೆ ರೋಗಿ ಅಥವಾ ಅವರ ಅಧಿಕೃತ ಪ್ರತಿನಿಧಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಟ್ಟುಕೊಳ್ಳಬೇಕು ಎಂದೂ ಅದರಲ್ಲಿದೆ. ಅರ್ಜಿಯ ಒಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.